ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಎಲ್ಲಿ ಸವೆಯುತ್ತದೆ

ತುಮಕೂರು ಹೆದ್ದಾರಿಯಲ್ಲಿ ತೊಂಬತ್ತರ ವೇಗದಲ್ಲಿ ಒಂದೇ ಸಮನೆ ಓಡುವ ಆಟೋಮ್ಯಾಟಿಕ್ ಕಾರಿನ ಗೇರ್‌ಬಾಕ್ಸಿಗೆ ಅಂಥ ಕಷ್ಟವೇನಿಲ್ಲ. ಮೇಲಿನ ಗೇರ್ ಬಿದ್ದಿರುತ್ತದೆ, ಕ್ಲಚ್ ಗಟ್ಟಿಯಾಗಿ ಕಚ್ಚಿಕೊಂಡಿರುತ್ತದೆ, ಕಾರಿನ ಮುಂಭಾಗಕ್ಕೆ ಗಾಳಿ ಬಡಿಯುತ್ತಿರುತ್ತದೆ. ಅದೇ ಕಾರು ಸಂಜೆ ಸಿಲ್ಕ್ ಬೋರ್ಡ್ ಕಡೆ ಬಂದು, ಒಂದು ಮಾರು ಮುಂದೆ, ಬ್ರೇಕು, ಮತ್ತೊಂದು ಮಾರು ಮುಂದೆ, ಮತ್ತೆ ಬ್ರೇಕು ಎಂದು ತೆವಳತೊಡಗಿದಾಗ ಸವೆತ ಶುರುವಾಗುತ್ತದೆ. ಮನೆಗೆ ಬಂದು ಬೇಸ್‌ಮೆಂಟಿನ ಇಳಿಜಾರಿನಲ್ಲಿ ಕಾರು ಇನ್ನೂ ಹಿಂದಕ್ಕೆ ಉರುಳುತ್ತಿರುವಾಗಲೇ ಲಿವರನ್ನು ಆರ್‌ನಿಂದ (ರಿವರ್ಸ್) ಡಿಗೆ (ಡ್ರೈವ್) ಎಳೆದಾಗ ಅದು ಇನ್ನಷ್ಟು ಮುಂದುವರಿಯುತ್ತದೆ. ಓಡೋಮೀಟರಿನಲ್ಲಿ ಇದು ಯಾವುದೂ ಕಾಣಿಸುವುದಿಲ್ಲ. ನಲವತ್ತು ಸಾವಿರ ಕಿಲೋಮೀಟರ್ ಓಡಿದ ಒಂದು ಕಾರಿನ ಗೇರ್‌ಬಾಕ್ಸ್ ಹೊಸದರಂತಿದ್ದು, ಅಷ್ಟೇ ಓಡಿದ ಇನ್ನೊಂದು ಕಾರಿನದು ಬಿಚ್ಚುವ ಸ್ಥಿತಿಗೆ ಬಂದಿರುವುದಕ್ಕೆ ಕಾರಣ ಬಹುಪಾಲು ಇಲ್ಲಿಯೇ ಇದೆ.

ಗೇರ್‌ಬಾಕ್ಸಿನೊಳಗೆ ಸವೆಯುವುದು ಮುಖ್ಯವಾಗಿ ಜಾರಿಕೆಯಿಂದ. ಎರಡು ತಟ್ಟೆಗಳು ಬೇರೆಬೇರೆ ವೇಗದಲ್ಲಿ ತಿರುಗುತ್ತಿರುವಾಗ ಅವನ್ನು ಒಂದಕ್ಕೊಂದು ಒತ್ತಿದರೆ, ಎರಡರ ವೇಗ ಒಂದಾಗುವವರೆಗೆ ಅವು ಉಜ್ಜಿಕೊಂಡು ಬಿಸಿಯಾಗುತ್ತವೆ. ವೇಗ ಒಂದಾದ ಮೇಲೆ ಉಜ್ಜುವುದಿಲ್ಲ, ಸವೆಯುವುದೂ ಇಲ್ಲ. ಎಣ್ಣೆಯಲ್ಲಿ ಮುಳುಗಿರುವ ಕ್ಲಚ್ ತಟ್ಟೆಗಳ ಮೇಲಿನ ಲೈನಿಂಗ್ ಒಂದು ಮಿಲಿಮೀಟರಿಗೂ ತೆಳ್ಳಗೆ, ದಪ್ಪ ಕಾಗದದಂಥ ವಸ್ತು. ಉಕ್ಕಿನ ತಟ್ಟೆಗೆ ಅಂಟು ಹಾಕಿ ಕೂರಿಸಿದ್ದು. ಹೀಗಾಗಿ ಯಾವುದೇ ಅಭ್ಯಾಸ ಒಳ್ಳೆಯದೋ ಕೆಟ್ಟದ್ದೋ ಎಂದು ತೂಗುವಾಗ ಕೇಳಬೇಕಾದದ್ದು ಒಂದೇ: ಜಾರಿಕೆ ಎಷ್ಟು ಹೊತ್ತು, ಎಷ್ಟು ಭಾರ ಹೊತ್ತುಕೊಂಡು?

ಅದಕ್ಕೂ ಮೊದಲು ನಿಮ್ಮ ಕಾರಿನಲ್ಲಿರುವುದು ಯಾವ ಬಗೆಯ ಆಟೋಮ್ಯಾಟಿಕ್ ಎಂದು ತಿಳಿದಿರಬೇಕು. ಎಡಗಾಲಿಗೆ ಕೆಲಸವಿಲ್ಲದ ಕಾರುಗಳೆಲ್ಲ ಒಳಗೆ ಒಂದೇ ಅಲ್ಲ. 2014ರಲ್ಲಿ ಮಾರುತಿ ಸೆಲೆರಿಯೊ ಮೂಲಕ ನಮ್ಮಲ್ಲಿ ಜನಪ್ರಿಯವಾದ ಎಎಂಟಿ ಎಂದರೆ ಸಾಮಾನ್ಯ ಮ್ಯಾನುಯಲ್ ಗೇರ್‌ಬಾಕ್ಸೇ. ಅದೇ ಒಣ ಕ್ಲಚ್ ಪ್ಲೇಟು, ಅದನ್ನು ತುಳಿಯುವ ಮತ್ತು ಗೇರ್ ಹಾಕುವ ಕೆಲಸವನ್ನು ಕಂಪ್ಯೂಟರಿನ ಮಾತು ಕೇಳುವ ಆಕ್ಚುಯೇಟರ್ ಮಾಡುತ್ತದೆ. ಲಿವರಿನಲ್ಲಿ ಪಿ (ಪಾರ್ಕ್) ಇಲ್ಲದಿದ್ದರೆ ಬಹುತೇಕ ಅದು ಎಎಂಟಿ. ಡಿಸಿಟಿಯಲ್ಲಿ ಎರಡು ಕ್ಲಚ್ ಇರುತ್ತವೆ, ಒಂದು ಬೆಸ ಗೇರುಗಳಿಗೆ, ಇನ್ನೊಂದು ಸಮ ಗೇರುಗಳಿಗೆ. ಇವು ಒಣ ಕ್ಲಚ್ ಆಗಿರಬಹುದು, ಎಣ್ಣೆಯಲ್ಲಿ ಮುಳುಗಿದವೂ ಆಗಿರಬಹುದು. ಯಾವುದು ಎಂಬುದನ್ನು ಕೊಳ್ಳುವಾಗಲೇ ಕೇಳಿಕೊಳ್ಳಿ, ಏಕೆಂದರೆ ನಗರದ ಟ್ರಾಫಿಕ್ಕಿನಲ್ಲಿ ಇವೆರಡರ ತಾಳಿಕೆಗೆ ಬಹಳ ಅಂತರವಿದೆ. ಸಿವಿಟಿಯಲ್ಲಿ ಹಲ್ಲಿನ ಗೇರುಗಳ ಬದಲು ಎರಡು ಪುಲ್ಲಿಗಳ ನಡುವೆ ಉಕ್ಕಿನ ಬೆಲ್ಟ್ ಓಡುತ್ತದೆ. ನಾಲ್ಕನೆಯದು ಹಳೆಯ, ನಂಬಿಕೆಯ ಟಾರ್ಕ್ ಕನ್ವರ್ಟರ್. ಇನ್ನೋವಾ ಕ್ರಿಸ್ಟಾದ ಆಟೋಮ್ಯಾಟಿಕ್ ಮಾದರಿಗಳಲ್ಲಿ ಇದ್ದದ್ದು. ಅದರಲ್ಲಿ ಎಂಜಿನ್ ಮತ್ತು ಗೇರ್‌ಬಾಕ್ಸಿನ ನಡುವೆ ಎಣ್ಣೆಯೇ ಬಲವನ್ನು ಸಾಗಿಸುತ್ತದೆ, ವೇಗ ಬಂದ ಮೇಲೆ ಒಳಗಿನ ಲಾಕ್‌ಅಪ್ ಕ್ಲಚ್ ಎರಡನ್ನೂ ಬಿಗಿಯುತ್ತದೆ.

ಏರಿನಲ್ಲಿ ನಿಲ್ಲುವ ವಿಷಯವನ್ನೇ ಮೊದಲು ಎತ್ತಿಕೊಳ್ಳುತ್ತೇನೆ, ಏಕೆಂದರೆ ನಮ್ಮ ಊರುಗಳಲ್ಲಿ ಕ್ಲಚ್ ಸುಡುವುದು ಹೆಚ್ಚಾಗಿ ಇದರಿಂದಲೇ. ಫ್ಲೈಓವರ್ ಹತ್ತುವಾಗ ಟ್ರಾಫಿಕ್ ನಿಂತಿತು ಎನ್ನಿ. ಬ್ರೇಕ್ ತುಳಿಯುವ ಬದಲು ಆಕ್ಸಿಲರೇಟರನ್ನೇ ಸ್ವಲ್ಪ ಒತ್ತಿ, ಕಾರು ಹಿಂದಕ್ಕೂ ಹೋಗದೆ ಮುಂದಕ್ಕೂ ಹೋಗದೆ ನಿಲ್ಲುವಂತೆ ಹಿಡಿಯುವವರು ತುಂಬ ಜನ. ಇದನ್ನು ಲೆಕ್ಕ ಹಾಕಿ ನೋಡೋಣ. ಜನ ಕೂತ ಮೇಲೆ 1200 ಕೆ.ಜಿ. ತೂಗುವ, ಒಣ ಕ್ಲಚ್ಚಿನ ಸಣ್ಣ ಕಾರು, ನೂರು ಮೀಟರಿಗೆ ಹತ್ತು ಮೀಟರ್ ಏರುವ ರಸ್ತೆ. ಕಾರನ್ನು ಹಿಂದಕ್ಕೆ ಎಳೆಯುವ ಬಲ ಸುಮಾರು 1170 ನ್ಯೂಟನ್. ಚಕ್ರದ ತ್ರಿಜ್ಯ 28 ಸೆಂ.ಮೀ., ಮೊದಲ ಗೇರ್ ಮತ್ತು ಡಿಫರೆನ್ಷಿಯಲ್ ಸೇರಿ 14 ಪಟ್ಟು ಎಂದುಕೊಂಡರೆ ಕ್ಲಚ್ ಹೊರಬೇಕಾದ ಟಾರ್ಕ್ ಸುಮಾರು 23 ನ್ಯೂಟನ್ ಮೀಟರ್. ಕೇಳಲು ಇದು ಚಿಕ್ಕ ಸಂಖ್ಯೆ. ಆದರೆ ಎಂಜಿನ್ ನಿಮಿಷಕ್ಕೆ 1500 ಸುತ್ತು ತಿರುಗುತ್ತಿದೆ, ಗೇರ್‌ಬಾಕ್ಸಿನ ಶಾಫ್ಟ್ ನಿಂತೇ ಇದೆ. ಈ ವ್ಯತ್ಯಾಸವೆಲ್ಲ ಕ್ಲಚ್ಚಿನ ಮುಖದ ಮೇಲೆ ಶಾಖವಾಗುತ್ತದೆ, ಸುಮಾರು 3.6 ಕಿಲೋವ್ಯಾಟ್. ಅಡುಗೆಮನೆಯ ಎರಡು ಇಂಡಕ್ಷನ್ ಒಲೆಗಳನ್ನು ಹೆಚ್ಚುಕಡಿಮೆ ಪೂರ್ತಿ ಉರಿಗೆ ಇಟ್ಟಷ್ಟು. ಅದೂ ಎಣ್ಣೆ ಮುಟ್ಟದ, ಗಾಳಿ ಸರಿಯಾಗಿ ಆಡದ ಹೌಸಿಂಗಿನೊಳಗೆ.

ಸಮತಟ್ಟಾದ ರಸ್ತೆಯಲ್ಲಿ ಅದೇ ಕಾರು ನಿಂತಲ್ಲಿಂದ ಹೊರಟು 8 ಕಿ.ಮೀ. ವೇಗಕ್ಕೆ ಬಂದು ಕ್ಲಚ್ ಪೂರ್ತಿ ಕಚ್ಚುವಷ್ಟರಲ್ಲಿ ಆಗುವ ಶಾಖ ಸುಮಾರು 3 ಕಿಲೋಜೂಲ್. ಏರಿನಲ್ಲಿ ಆಕ್ಸಿಲರೇಟರಿನಿಂದ ಅರ್ಧ ನಿಮಿಷ ಹಿಡಿದು ನಿಲ್ಲಿಸಿದರೆ 108 ಕಿಲೋಜೂಲ್. ಮೂವತ್ತಾರು ಸಲ ಹೊರಟಾಗ ಆಗುವ ಸವೆತವನ್ನು ಒಂದೇ ಸಿಗ್ನಲಿನಲ್ಲಿ, ಒಂದು ಅಡಿಯೂ ಮುಂದೆ ಹೋಗದೆ ಮುಗಿಸಿದಂತಾಯಿತು. ನಿಜಕ್ಕೆ ಅದಕ್ಕಿಂತಲೂ ಹೆಚ್ಚು, ಏಕೆಂದರೆ ಲೈನಿಂಗ್ ಬಿಸಿಯಾದಷ್ಟೂ ಬೇಗ ಸವೆಯುತ್ತದೆ. ಒಂದು ಮಿತಿ ದಾಟಿದರೆ ಅದರ ಮೇಲ್ಮೈ ಗಾಜಿನಂತೆ ನುಣುಪಾಗಿ ಹಿಡಿತವನ್ನೇ ಕಳೆದುಕೊಳ್ಳುತ್ತದೆ, ಕ್ಲಚ್ಚನ್ನು ಒತ್ತಿ ಹಿಡಿಯುವ ಪ್ರೆಶರ್ ಪ್ಲೇಟಿನ ಮೇಲೆ ನೀಲಿ ಕಲೆಗಳು ಮೂಡುತ್ತವೆ. ಆಮೇಲೆ ಹೊರಡುವಾಗಲೆಲ್ಲ ಕಾರು ನಡುಗುತ್ತದೆ. ಆ ನಡುಕಕ್ಕೆ ಸಾಫ್ಟ್‌ವೇರ್ ಅಪ್‌ಡೇಟಿನಲ್ಲಿ ಮದ್ದಿಲ್ಲ.

ಮಾಡಬೇಕಾದದ್ದು ಸುಲಭ. ಏರಿನಲ್ಲಿ ನಿಂತರೆ ಬ್ರೇಕನ್ನು ಪೂರ್ತಿ ತುಳಿಯಿರಿ. ಕಾಲು ತೆಗೆದರೂ ಬ್ರೇಕನ್ನು ಹಿಡಿದಿಡುವ ಆಟೋ ಹೋಲ್ಡ್ ಇದ್ದರೆ ಹಾಕಿಡಿ. ಹೊರಡುವಾಗ ಕಾರು ಹಿಂಜರುಗದಂತೆ ತಡೆಯುವ ಹಿಲ್ ಹೋಲ್ಡ್ ಇದ್ದರೂ ಅದು ಹಿಡಿಯುವುದು ಎರಡು ಸೆಕೆಂಡ್ ಆಸುಪಾಸು ಮಾತ್ರ, ಅಷ್ಟರಲ್ಲಿ ಪಾದ ಆಕ್ಸಿಲರೇಟರಿಗೆ ಬಂದಿರಬೇಕು. ಅದೂ ಇಲ್ಲದ ಎಎಂಟಿಯಲ್ಲಿ ಹ್ಯಾಂಡ್‌ಬ್ರೇಕ್ ಎಳೆದು, ಆಕ್ಸಿಲರೇಟರ್ ಒತ್ತಿ, ಕಾರಿನ ಮೂತಿ ತುಸು ಎದ್ದು ಎಳೆತ ಗೊತ್ತಾದ ತಕ್ಷಣ ಹ್ಯಾಂಡ್‌ಬ್ರೇಕ್ ಬಿಡಿ. ಡ್ರೈವಿಂಗ್ ಸ್ಕೂಲಿನಲ್ಲಿ ಮ್ಯಾನುಯಲ್ ಕಾರಿಗೆ ಕಲಿಸುವ ಈ ಪಾಠ ಎಎಂಟಿಗೂ ಅಷ್ಟೇ ಅನ್ವಯಿಸುತ್ತದೆ. ಏರಿನಲ್ಲಿ ಹಿಂಜರುಗದಂತೆ ಹೊರಡಬೇಕಾದರೆ ಆಕ್ಸಿಲರೇಟರನ್ನು ಅಂಜುತ್ತ ಅಂಜುತ್ತ ಒತ್ತಬೇಡಿ. ಕ್ಲಚ್ ಬೇಗ ಕಚ್ಚಿ ಮುಗಿಸಲು ಬೇಕಾದಷ್ಟು ಶಕ್ತಿಯನ್ನು ಒಂದೇ ಸಲಕ್ಕೆ ಕೊಡಿ. ಮೆಲ್ಲಗೆ ಒತ್ತಿದರೆ ಕ್ಲಚ್ಚಿಗೆ ಒಳ್ಳೆಯದು ಎಂಬ ನಂಬಿಕೆ ಏರಿನ ಮಟ್ಟಿಗೆ ತಪ್ಪು. ಜಾರುವ ಹೊತ್ತು ಉದ್ದವಾಗುತ್ತದೆ, ಅಷ್ಟೇ.

ತೆವಳುವ ಟ್ರಾಫಿಕ್ಕಿಗೂ ಇದೇ ಗಣಿತ. ಮೇಲಿನ ಕಾರಿನಲ್ಲೇ ಎಂಜಿನ್ ಐಡಲಿನಲ್ಲಿ 800 ಸುತ್ತು ತಿರುಗುತ್ತ, ಮೊದಲ ಗೇರಿನಲ್ಲಿ ಕ್ಲಚ್ ಪೂರ್ತಿ ಕಚ್ಚಿದ್ದರೆ ವೇಗ ಗಂಟೆಗೆ ಸುಮಾರು 6 ಕಿ.ಮೀ. ಇರುತ್ತದೆ. ಅದಕ್ಕಿಂತ ನಿಧಾನಕ್ಕೆ, ನಡೆದು ಹೋಗುವವರ ಜೊತೆಜೊತೆಗೆ ಕಾರು ಸಾಗುತ್ತಿದೆ ಎಂದರೆ ಅಷ್ಟು ಹೊತ್ತೂ ಕ್ಲಚ್ ಜಾರುತ್ತಿದೆ. ಒಣ ಕ್ಲಚ್ಚಿನ ಎಎಂಟಿ, ಡಿಸಿಟಿ ಎರಡಕ್ಕೂ ಇದೇ ಪಾಡು. ಬ್ರೇಕನ್ನು ಅರ್ಧ ಬಿಟ್ಟು ಇಂಚಿಂಚು ಸರಿಯುವುದು ಇವಕ್ಕೆ ಅತಿ ದುಬಾರಿ ಅಭ್ಯಾಸ. ಮುಂದಿನ ಗಾಡಿ ಎರಡು ಅಡಿ ಸರಿದ ಕೂಡಲೇ ನೀವೂ ಸರಿಯಬೇಕಿಲ್ಲ. ಎರಡು ಮೂರು ಕಾರಿನ ಉದ್ದದಷ್ಟು ಜಾಗ ಬಿಡುವವರೆಗೆ ಬ್ರೇಕನ್ನು ಪೂರ್ತಿ ತುಳಿದು ನಿಲ್ಲಿ, ಆಮೇಲೆ ಒಂದೇ ಸಲ 8, 10 ಕಿ.ಮೀ. ವೇಗಕ್ಕೆ ಬಂದು ಆ ಜಾಗವನ್ನು ತುಂಬಿ. ನಡುವೆ ಆಟೋವೋ ಬೈಕೋ ನುಗ್ಗುತ್ತದೆ, ನಿಜ. ನುಗ್ಗಲಿ. ಮ್ಯಾನುಯಲ್ ಮೋಡಿನಲ್ಲಿ ಒಂದನೇ ಗೇರಿಗೆ ಹಾಕಿಟ್ಟರೆ ಇನ್ನೂ ಒಳ್ಳೆಯದು. ಡಿಯಲ್ಲಿ ಬಿಟ್ಟರೆ 12 ಕಿ.ಮೀ. ಆಗುತ್ತಿದ್ದಂತೆ ಎರಡನೇ ಗೇರಿಗೆ ಹೋಗಿ, ಮತ್ತೆ ಬ್ರೇಕ್ ತುಳಿದಾಗ ಒಂದಕ್ಕಿಳಿದು, ಪ್ರತಿ ಸಲವೂ ಕ್ಲಚ್ ಬಿಟ್ಟು ಹಿಡಿಯುವ ಕೆಲಸ ಇಮ್ಮಡಿಯಾಗುತ್ತದೆ.

ಟಾರ್ಕ್ ಕನ್ವರ್ಟರಿಗೆ ತೆವಳುವುದು ಅಷ್ಟು ಕಷ್ಟವಲ್ಲ, ಏಕೆಂದರೆ ಜಾರುವುದು ಎಣ್ಣೆ. ಬಿಸಿಯಾದ ಎಣ್ಣೆ ಕೂಲರಿಗೆ ಹೋಗಿ ತಣ್ಣಗಾಗಿ ಬರುತ್ತದೆ. ಆದರೂ ಬ್ರೇಕ್ ಒತ್ತಿ ಹಿಡಿದು ಆಕ್ಸಿಲರೇಟರನ್ನೂ ಪೂರ್ತಿ ಒತ್ತಿದರೆ ಎಂಜಿನಿನ ಅಷ್ಟೂ ಶಕ್ತಿ ಎಣ್ಣೆಯಲ್ಲಿ ಶಾಖವಾಗುತ್ತದೆ. ಗ್ಯಾರೇಜಿನಲ್ಲಿ ಸ್ಟಾಲ್ ಟೆಸ್ಟ್ ಎಂದು ಇದನ್ನೇ ಬೇಕೆಂದು ಮಾಡುವಾಗಲೂ ಐದು ಸೆಕೆಂಡ್ ಮೀರಬಾರದೆಂಬ ನಿಯಮವಿದೆ. ಗಾಡಿಯನ್ನು ಚಿಮ್ಮಿಸಬೇಕೆಂದು ಸಿಗ್ನಲಿನಲ್ಲಿ ಹೀಗೆ ಮಾಡುವ ಹುಡುಗರಿಗೆ ಇದನ್ನು ಹೇಳಿಕೊಡಬೇಕು.

ಸಿಗ್ನಲಿನಲ್ಲಿ ಡಿಯೋ ಎನ್ನೋ (ನ್ಯೂಟ್ರಲ್) ಎಂಬ ಚರ್ಚೆಗೆ ಜನ ಕೊಡುವ ಮಹತ್ವ ಹೆಚ್ಚಾಯಿತು ಎನಿಸುತ್ತದೆ. ಕನ್ವರ್ಟರ್ ಇರುವ ಕಾರಿನಲ್ಲಿ ಡಿಯಲ್ಲಿಟ್ಟು ಬ್ರೇಕ್ ತುಳಿದಿದ್ದರೆ ಎಣ್ಣೆಗೆ ಸೇರುವ ಶಾಖ ಒಂದು ಕಿಲೋವ್ಯಾಟ್ ಆಸುಪಾಸು, ಕೂಲರಿಗೆ ಅದು ಲೆಕ್ಕವೇ ಅಲ್ಲ. ಬದಲಿಗೆ ಪ್ರತಿ ಸಿಗ್ನಲಿಗೂ ಎನ್‌ಗೆ ಹೋಗಿ ಡಿಗೆ ಬಂದರೆ ಕಾರನ್ನು ಮುಂದಕ್ಕೆ ಓಡಿಸುವ ಕ್ಲಚ್ ಪ್ರತಿ ಸಲ ಬಿಟ್ಟು ಕಚ್ಚಬೇಕು. ನಿಂತಾಗ ತಾನಾಗಿಯೇ ಒಳಗಿನ ಕ್ಲಚ್ಚನ್ನು ಸಡಿಲಿಸುವ ವ್ಯವಸ್ಥೆಯೂ ಈಗಿನ ಅನೇಕ ಗೇರ್‌ಬಾಕ್ಸುಗಳಲ್ಲಿದೆ. ಒಂದು ನಿಮಿಷದೊಳಗಿನ ಸಿಗ್ನಲಿಗೆ ಡಿಯಲ್ಲೇ ಇರಿ. ರೈಲ್ವೆ ಗೇಟು ಹಾಕಿದ್ದರೆ, ಟ್ರಾಫಿಕ್ ಪೂರ್ತಿ ನಿಂತುಬಿಟ್ಟಿದ್ದರೆ ಎನ್ ಮತ್ತು ಹ್ಯಾಂಡ್‌ಬ್ರೇಕ್. ಎಎಂಟಿಯಲ್ಲಿ ಮಾತ್ರ ಎನ್‌ಗೆ ಇನ್ನೊಂದು ಕಾರಣವಿದೆ: ಡಿಯಲ್ಲಿ ನಿಂತಿರುವಷ್ಟು ಹೊತ್ತೂ ಗೇರ್ ಬಿದ್ದೇ ಇದ್ದು ಕ್ಲಚ್ಚನ್ನು ಬಿಡಿಸಿ ಹಿಡಿದಿರಬೇಕು, ಕ್ಲಚ್ಚನ್ನು ಬಿಡಿಸುವ ರಿಲೀಸ್ ಬೇರಿಂಗ್ ಮೇಲೆ ಒತ್ತಡ ಇದ್ದೇ ಇರುತ್ತದೆ. ಡ್ಯಾಶ್‌ಬೋರ್ಡಿನಲ್ಲಿ ಗೇರ್‌ಬಾಕ್ಸ್ ಬಿಸಿಯಾಗಿದೆ ಎಂಬ ಎಚ್ಚರಿಕೆ ಬಂದರಂತೂ ಪಕ್ಕಕ್ಕೆ ನಿಲ್ಲಿಸಿ, ಪಿ ಅಥವಾ ಎನ್ ಹಾಕಿ, ಎಂಜಿನ್ ಆಫ್ ಮಾಡದೆ ಕೆಲವು ನಿಮಿಷ ಬಿಡಬೇಕು. ಎಂಜಿನ್ ನಿಲ್ಲಿಸಿದರೆ ಎಣ್ಣೆಯ ಪಂಪೂ ನಿಂತು ಶಾಖ ಇದ್ದಲ್ಲೇ ಉಳಿಯುತ್ತದೆ.

ಇನ್ನು ಆರ್ ಮತ್ತು ಡಿ. ಇಕ್ಕಟ್ಟಿನ ರಸ್ತೆಯಲ್ಲಿ ಗಾಡಿ ತಿರುಗಿಸುವಾಗ, ಕಾರು ಇನ್ನೂ ಹಿಂದಕ್ಕೆ ಉರುಳುತ್ತಿದೆ, ಹಿಂದೆ ಹಾರ್ನ್ ಶುರುವಾಗಿದೆ, ಕೈ ಆಗಲೇ ಲಿವರನ್ನು ಡಿಗೆ ತಂದಿರುತ್ತದೆ. ಇಲ್ಲಿ ಶಾಖ ದೊಡ್ಡ ವಿಷಯವಲ್ಲ ಎಂಬುದನ್ನು ಒಪ್ಪಿಕೊಳ್ಳಬೇಕು: 1300 ಕೆ.ಜಿ. ಕಾರು 5 ಕಿ.ಮೀ. ವೇಗದಲ್ಲಿ ಹೊತ್ತಿರುವ ಚಲನಶಕ್ತಿ 1.25 ಕಿಲೋಜೂಲ್ ಮಾತ್ರ. ತೊಂದರೆ ಇರುವುದು ಹೊಡೆತದಲ್ಲಿ. ಒಂದು ದಿಕ್ಕಿನಲ್ಲಿ ತಿರುಗುತ್ತಿರುವ ಶಾಫ್ಟನ್ನು ಕ್ಲಚ್ ತಟ್ಟೆಗಳು ಹಿಡಿದು ನಿಲ್ಲಿಸಿ ಇನ್ನೊಂದು ದಿಕ್ಕಿಗೆ ತಿರುಗಿಸಬೇಕು. ಗೇರಿನ ಹಲ್ಲುಗಳ ನಡುವಿನ ಸಡಿಲ ಒಮ್ಮೆಲೆ ಆ ಕಡೆಯಿಂದ ಈ ಕಡೆಗೆ ಬಡಿಯುತ್ತದೆ. ಆ ಪೆಟ್ಟು ಡಿಫರೆನ್ಷಿಯಲ್, ಡ್ರೈವ್ ಶಾಫ್ಟಿನ ಜಾಯಿಂಟ್, ಎಂಜಿನ್ನಿನ ರಬ್ಬರ್ ಮೌಂಟುಗಳವರೆಗೆ ಹೋಗುತ್ತದೆ. ಕಾರು ನಿಲ್ಲಿಸುವುದು ಬ್ರೇಕಿನ ಕೆಲಸ. ಬ್ರೇಕ್ ಪ್ಯಾಡ್ ಬದಲಿಸಲು ಚಕ್ರ ಬಿಚ್ಚಿದರೆ ಸಾಕು, ಕೆಲವು ಸಾವಿರದಲ್ಲಿ ಮುಗಿಯುತ್ತದೆ. ಕ್ಲಚ್ ತಟ್ಟೆಗಳ ಕಟ್ಟನ್ನು (ಕ್ಲಚ್ ಪ್ಯಾಕ್) ಬದಲಿಸಬೇಕಾದರೆ ಗೇರ್‌ಬಾಕ್ಸನ್ನೇ ಕೆಳಗಿಳಿಸಿ ಬಿಚ್ಚಬೇಕು.

ಕಾರು ಪೂರ್ತಿ ನಿಂತ ಮೇಲೆ, ಬ್ರೇಕ್ ತುಳಿದೇ, ಲಿವರ್ ಬದಲಿಸಿ. ಆಮೇಲೂ ಒಂದು ಕ್ಷಣ ಕಾಯಿರಿ. ಲಿವರ್ ಡಿಗೆ ಬಂದ ತಕ್ಷಣ ಗೇರ್ ಬೀಳುವುದಿಲ್ಲ. ಎಣ್ಣೆಯ ಒತ್ತಡ ಏರಿ ಕ್ಲಚ್ ಕಚ್ಚಲು ಒಂದು ಸೆಕೆಂಡಿನಷ್ಟು ಬೇಕು. ಟೊಯೊಟಾ ರಿಪೇರಿ ಕೈಪಿಡಿಗಳಲ್ಲಿ ಇದಕ್ಕೊಂದು ಅಳತೆಯೇ ಇದೆ: ಎನ್‌ನಿಂದ ಡಿಗೆ 1.2 ಸೆಕೆಂಡಿನೊಳಗೆ, ಎನ್‌ನಿಂದ ಆರ್‌ಗೆ 1.5 ಸೆಕೆಂಡಿನೊಳಗೆ ಕಚ್ಚಬೇಕು. ಕಚ್ಚಿದ್ದು ಸಣ್ಣ ತಳ್ಳಿನಂತೆ ಸೀಟಿನಲ್ಲೇ ಗೊತ್ತಾಗುತ್ತದೆ. ಅದಕ್ಕೂ ಮೊದಲೇ ಆಕ್ಸಿಲರೇಟರ್ ಒತ್ತಿದರೆ ಎಂಜಿನ್ ಖಾಲಿ ತಿರುಗಿ 2000 ಸುತ್ತಿಗೆ ಏರಿರುತ್ತದೆ, ಆಗ ಕ್ಲಚ್ ಬಂದು ಕಚ್ಚುತ್ತದೆ. ಬೆಳಗ್ಗೆ ಮೊದಲ ಸಲ ಸ್ಟಾರ್ಟ್ ಮಾಡಿದಾಗಲೂ ಇದನ್ನೇ ನೋಡಿಕೊಳ್ಳಬೇಕು: ತಣ್ಣಗಿರುವ ಎಂಜಿನ್ 1200ರ ಮೇಲೆ ತಿರುಗುತ್ತಿರುತ್ತದೆ, ಮುಳ್ಳು ಇಳಿಯುವವರೆಗೆ ಹತ್ತಿಪ್ಪತ್ತು ಸೆಕೆಂಡ್ ಬಿಟ್ಟು ಆರ್ ಅಥವಾ ಡಿ ಹಾಕಿ. ಅದಕ್ಕಿಂತ ಹೆಚ್ಚು ಹೊತ್ತು ಗಾಡಿ ಬಿಸಿ ಮಾಡುವ ಅಗತ್ಯ ನಮ್ಮ ಹವೆಯಲ್ಲಿಲ್ಲ.

ಪಿ ಹಾಕುವುದರಲ್ಲೂ ಒಂದು ಕ್ರಮವಿದೆ, ಅದನ್ನು ಶೋರೂಮಿನಲ್ಲಿ ಕಾರು ಕೊಡುವಾಗ ಯಾರಾದರೂ ಎರಡು ನಿಮಿಷ ತೋರಿಸಿದರೆ ಎಷ್ಟೋ ಖರ್ಚು ಉಳಿಯುತ್ತದೆ. ಪಿ ಎಂದರೆ ಗೇರ್‌ಬಾಕ್ಸಿನೊಳಗೆ ಬೆರಳಿನಷ್ಟು ದೊಡ್ಡ ಉಕ್ಕಿನ ಕೊಂಡಿಯೊಂದು ಔಟ್‌ಪುಟ್ ಕಡೆಯ ಹಲ್ಲಿನ ಚಕ್ರಕ್ಕೆ ಬಿದ್ದು ಅದನ್ನು ತಡೆಯುವುದು. ಇಳಿಜಾರಿನಲ್ಲಿ ನಿಲ್ಲಿಸಿ, ನೇರ ಪಿ ಹಾಕಿ ಕಾಲು ತೆಗೆದರೆ ಕಾರು ಅರ್ಧ ಅಡಿ ಉರುಳಿ ಟಕ್ಕೆಂದು ನಿಲ್ಲುತ್ತದೆ. ಆಗ ಇಡೀ ಕಾರಿನ ಭಾರ ಆ ಕೊಂಡಿಯ ಮೇಲೆ. ಆಮೇಲೆ ಹ್ಯಾಂಡ್‌ಬ್ರೇಕ್ ಎಳೆದರೂ ಪ್ರಯೋಜನವಿಲ್ಲ, ಭಾರ ಆಗಲೇ ಕೂತಾಗಿದೆ. ಮರುದಿನ ಪಿಯಿಂದ ತೆಗೆಯುವಾಗ ಲಿವರ್ ಬಿಗಿಯಾಗಿ ಬಂದು ಢಬ್ಬೆಂದರೆ ಅದು ಈ ಕೊಂಡಿ ಭಾರದಡಿಯಿಂದ ಕಿತ್ತು ಬಂದ ಸದ್ದು. ಸರಿಯಾದ ಕ್ರಮ ಹೀಗೆ: ಬ್ರೇಕ್ ತುಳಿದು ನಿಲ್ಲಿಸಿ, ಎನ್ ಹಾಕಿ, ಹ್ಯಾಂಡ್‌ಬ್ರೇಕ್ ಎಳೆಯಿರಿ, ಕಾಲಿನ ಬ್ರೇಕನ್ನು ಮೆಲ್ಲಗೆ ಬಿಟ್ಟು ಕಾರು ಹ್ಯಾಂಡ್‌ಬ್ರೇಕಿನ ಮೇಲೆ ಕೂರಲು ಬಿಡಿ, ಮತ್ತೆ ಬ್ರೇಕ್ ತುಳಿದು ಪಿ ಹಾಕಿ. ಹೊರಡುವಾಗ ಬ್ರೇಕ್ ತುಳಿದು ಸ್ಟಾರ್ಟ್ ಮಾಡಿ, ಪಿಯಿಂದ ತೆಗೆದು, ಕೊನೆಗೆ ಹ್ಯಾಂಡ್‌ಬ್ರೇಕ್ ಬಿಡಿ. ಕಾರು ಚಲಿಸುತ್ತಿರುವಾಗ ಪಿ ಹಾಕಿದರೆ ಕೊಂಡಿ ಹಲ್ಲುಗಳ ಮೇಲೆ ಕರಕರ ಎಂದು ಹಾರುತ್ತದೆ, ಮುರಿಯಲೂಬಹುದು. ಮುರಿದ ಚೂರು ಬೀಳುವುದು ಗೇರ್‌ಬಾಕ್ಸಿನ ಒಳಗೇ.

ಘಾಟಿ ರಸ್ತೆಯಲ್ಲಿ ಲಿವರನ್ನು ಡಿಯಲ್ಲಿ ಮರೆತುಬಿಡುವುದು ಎರಡು ಕಡೆಯಿಂದಲೂ ನಷ್ಟ. ಚಾರ್ಮಾಡಿಯೋ ಆಗುಂಬೆಯೋ ಹತ್ತುವಾಗ ಕಂಪ್ಯೂಟರಿಗೆ ಮುಂದಿನ ತಿರುವು ಕಾಣುವುದಿಲ್ಲ. ಆಕ್ಸಿಲರೇಟರ್ ತುಸು ಸಡಿಲಾದರೆ ಮೂರರಿಂದ ನಾಲ್ಕಕ್ಕೆ ಏರುತ್ತದೆ, ಏರು ಎದುರಾದರೆ ಮೂರಕ್ಕೆ ಇಳಿಯುತ್ತದೆ, ಆಗುಂಬೆಯ 14 ಹೇರ್‌ಪಿನ್ ತಿರುವು ಮುಗಿಯುವಷ್ಟರಲ್ಲಿ ಇದು ಅದೆಷ್ಟು ಸಲವೋ. ಪ್ರತಿ ಬದಲಾವಣೆಯಲ್ಲೂ ಒಂದು ಕ್ಲಚ್ ಜಾರುತ್ತ ಬಿಡುತ್ತದೆ, ಇನ್ನೊಂದು ಜಾರುತ್ತ ಹಿಡಿಯುತ್ತದೆ, ಅದೂ ಎಂಜಿನಿನ ಪೂರ್ತಿ ಎಳೆತದ ನಡುವೆ. ಮ್ಯಾನುಯಲ್ ಮೋಡಿಗೆ ತಂದು ಎರಡರಲ್ಲೋ ಮೂರರಲ್ಲೋ ಇಟ್ಟುಬಿಡಿ. ಎಂಜಿನ್ 2500, 3000 ಸುತ್ತು ತಿರುಗಿ ಸದ್ದು ಮಾಡುತ್ತದೆ. ಮಾಡಲಿ, ಆ ಸುತ್ತುಗಳಿಗೆಂದೇ ಅದನ್ನು ಮಾಡಿರುವುದು. ಹಳೆಯ ನಾಲ್ಕು ಗೇರಿನ ಆಟೋಮ್ಯಾಟಿಕ್ಕುಗಳಲ್ಲಿ ಲಿವರಿನ ಪಕ್ಕದ ಓವರ್‌ಡ್ರೈವ್ (ಕೊನೆಯ ಗೇರ್) ಗುಂಡಿಯನ್ನು ಆಫ್ ಮಾಡಿದರೆ ಇದೇ ಕೆಲಸವಾಗುತ್ತದೆ.

ಇಳಿಯುವಾಗ, ಹತ್ತಲು ಯಾವ ಗೇರ್ ಬೇಕಿತ್ತೋ ಅದೇ ಗೇರಿನಲ್ಲಿ ಇಳಿಯಿರಿ ಎಂಬ ಲಾರಿ ಚಾಲಕರ ಮಾತು ಇವತ್ತಿಗೂ ಸರಿ. 1500 ಕೆ.ಜಿ. ಗಾಡಿ 500 ಮೀಟರ್ ಎತ್ತರದಿಂದ ಇಳಿದರೆ 7 ಮೆಗಾಜೂಲಿಗೂ ಹೆಚ್ಚು ಶಕ್ತಿಯನ್ನು ಎಲ್ಲಾದರೂ ಕಳೆಯಬೇಕು. ಎಂಜಿನ್ ಅದರಲ್ಲಿ ದೊಡ್ಡ ಪಾಲನ್ನು ಸವೆಯದೆ ನುಂಗುತ್ತದೆ. ಎನ್ ಹಾಕಿ ಉರುಳಿಸಿದರೆ ಎಲ್ಲವೂ ಬ್ರೇಕಿನ ಮೇಲೆ. ಪೆಟ್ರೋಲ್ ಉಳಿಯುತ್ತದೆ ಎಂಬ ನಂಬಿಕೆಯೂ ನಿಲ್ಲುವುದಿಲ್ಲ: ಗೇರಿನಲ್ಲಿ ಇಳಿಯುವಾಗ ಈಗಿನ ಎಂಜಿನ್ನುಗಳು ಇಂಜೆಕ್ಟರನ್ನೇ ಮುಚ್ಚುತ್ತವೆ, ಎನ್‌ನಲ್ಲಾದರೆ ಐಡಲ್ ನಡೆಸಲು ಇಂಧನ ಬೇಕೇಬೇಕು. ಗೇರ್‌ಬಾಕ್ಸಿಗೂ ಇದು ಕೇಡು. ಎಣ್ಣೆಯ ಪಂಪು ಎಂಜಿನಿನ ಜೊತೆ ನಿಧಾನಕ್ಕೆ ತಿರುಗುತ್ತಿರುತ್ತದೆ, ಔಟ್‌ಪುಟ್ ಕಡೆಯ ಭಾಗಗಳು ಅರವತ್ತರ ವೇಗದಲ್ಲಿ ಓಡುತ್ತಿರುತ್ತವೆ. ಆಮೇಲೆ ಮತ್ತೆ ಡಿ ಹಾಕಿದಾಗ ಆ ಅಂತರವನ್ನೆಲ್ಲ ಕ್ಲಚ್ ಜಾರಿ ತುಂಬಬೇಕು.

ಸಿವಿಟಿಗೆ ಬೇರೆಯದೇ ಭಯ. 1958ರಲ್ಲಿ ಡಾಫ್ ಕಂಪನಿ ರಬ್ಬರ್ ಬೆಲ್ಟಿನಿಂದ ಶುರುಮಾಡಿದ ಈ ವ್ಯವಸ್ಥೆ 1987ರ ಹೊತ್ತಿಗೆ ಉಕ್ಕಿನ ಬೆಲ್ಟಿಗೆ ಬಂತು. ಬೆಲ್ಟು ಪುಲ್ಲಿಯನ್ನು ಹಿಡಿಯುವುದು ಎಣ್ಣೆಯ ತೆಳು ಪದರದ ಮೂಲಕ, ಬರೀ ಒತ್ತಡದ ಬಲದಿಂದ. ಒಮ್ಮೆ ಬೆಲ್ಟ್ ಜಾರಿದರೆ ಪುಲ್ಲಿಯ ಮೇಲೆ ಗೀರು ಬೀಳುತ್ತದೆ, ಗೀರಿನಿಂದ ಉದುರಿದ ಉಕ್ಕಿನ ಪುಡಿ ಎಣ್ಣೆಯಲ್ಲಿ ಸುತ್ತಿ ವಾಲ್ವುಗಳಿಗೆ ಸೇರುತ್ತದೆ, ವಾಲ್ವ್ ಸಿಕ್ಕಿಕೊಂಡರೆ ಒತ್ತಡ ಇಳಿದು ಬೆಲ್ಟ್ ಇನ್ನಷ್ಟು ಜಾರುತ್ತದೆ. ಮಳೆಗಾಲದಲ್ಲಿ ಮಲೆನಾಡಿನ ತೋಟದ ದಾರಿಯಲ್ಲಿ ಚಕ್ರ ಕೆಸರಲ್ಲಿ ಗಿರಗಿರ ತಿರುಗಿ, ಒಮ್ಮೆಲೆ ಕಲ್ಲಿನ ಮೇಲೆ ಹಿಡಿತ ಸಿಕ್ಕಾಗ ಬೀಳುವ ಹೊಡೆತ ಬೆಲ್ಟಿಗೆ ಬಹಳ ಅಪಾಯದ್ದು. ಹಂಪ್ ಅಥವಾ ಗುಂಡಿ ದಾಟುವಾಗ ಆಕ್ಸಿಲರೇಟರ್ ಒತ್ತಿಯೇ ಹಾರಿಸುವುದೂ ಇದೇ ಜಾತಿಯದು. ಕೆಸರಲ್ಲಿ ಹೂತರೆ ಡಿ, ಆರ್, ಡಿ, ಆರ್ ಎಂದು ತೂಗಿಸಿ ತೆಗೆಯುವ ಹಳೆಯ ಉಪಾಯ ಯಾವ ಆಟೋಮ್ಯಾಟಿಕ್ಕಿಗೂ ಒಳ್ಳೆಯದಲ್ಲ, ಸಿವಿಟಿಗಂತೂ ಬೇಡವೇ ಬೇಡ. ಚಕ್ರದಡಿ ಕಲ್ಲು, ಅಡಿಕೆ ಸೋಗೆ, ಕಾರಿನ ಮ್ಯಾಟು, ಏನಾದರೂ ಹಾಕಿ, ಚಕ್ರ ತಿರುಗದಂತೆ ಮೆಲ್ಲಗೆ ಒತ್ತಿ. ಇಲ್ಲವಾದರೆ ನಾಲ್ಕು ಜನ ತಳ್ಳಲಿ.

ಎಣ್ಣೆಯ ವಿಷಯಕ್ಕೆ ಬಂದರೆ ಸುಮ್ಮನೆ ದಾಟಲಾಗದು. ಆಟೋಮ್ಯಾಟಿಕ್ಕಿನ ಎಣ್ಣೆ ನಯ ಕೊಡುವುದರ ಜೊತೆಗೆ ಒತ್ತಡವನ್ನು ಸಾಗಿಸುತ್ತದೆ, ಶಾಖವನ್ನು ಹೊರುತ್ತದೆ, ಕ್ಲಚ್ ಹಿಡಿಯಬೇಕಾದಾಗ ಎಷ್ಟು ಹಿಡಿಯಬೇಕು ಎಂಬುದನ್ನೂ ನಿರ್ಧರಿಸುತ್ತದೆ. ಈ ಕೊನೆಯ ಗುಣಕ್ಕಾಗಿ ಅಮೆರಿಕದ ಕಂಪನಿಗಳು 1970ರ ದಶಕದ ಆರಂಭದವರೆಗೂ ಸ್ಪರ್ಮ್ ತಿಮಿಂಗಿಲದ ಎಣ್ಣೆಯನ್ನು ಬೆರೆಸುತ್ತಿದ್ದವು. ಆ ತಿಮಿಂಗಿಲ ಅಳಿವಿನಂಚಿನ ಪಟ್ಟಿಗೆ ಸೇರಿ ಎಣ್ಣೆ ನಿಷೇಧವಾದ ಮೇಲೆ ಬದಲಿ ರಾಸಾಯನಿಕಗಳನ್ನು ಹುಡುಕಬೇಕಾಯಿತು. ಇವತ್ತಿಗೂ ಒಂದೊಂದು ಗೇರ್‌ಬಾಕ್ಸಿಗೆ ಒಂದೊಂದು ಎಣ್ಣೆ ಇರುವುದು ಇದೇ ಕಾರಣಕ್ಕೆ. ಟೊಯೊಟಾದ ಡಬ್ಲ್ಯೂಎಸ್, ಹ್ಯುಂಡೈನ ಎಸ್‌ಪಿ-4, ಹೋಂಡಾ ಸಿವಿಟಿಯ ಎಚ್‌ಸಿಎಫ್-2, ಇವು ಒಂದರ ಬದಲು ಇನ್ನೊಂದು ಹಾಕುವಂಥವಲ್ಲ. ಸಿವಿಟಿಗೆ ಸಾಮಾನ್ಯ ಆಟೋಮ್ಯಾಟಿಕ್ಕಿನ ಎಣ್ಣೆ (ಎಟಿಎಫ್) ಹಾಕಿದರೆ ಬೆಲ್ಟಿನ ಹಿಡಿತವೇ ಕಡಿಮೆಯಾಗುತ್ತದೆ. ಡಬ್ಬದ ಮೇಲೆ ಎಲ್ಲ ಕಾರಿಗೂ ಆಗುತ್ತದೆ ಎಂದು ಬರೆದಿದ್ದರೂ ನಿಮ್ಮ ಕಾರಿನ ಕೈಪಿಡಿ ಹೇಳಿದ ಹೆಸರನ್ನೇ ಕೇಳಿ.

ಜೀವಮಾನಕ್ಕೆ ಒಂದೇ ಎಣ್ಣೆ, ಬದಲಿಸಬೇಕಿಲ್ಲ ಎಂಬ ಮಾತನ್ನು ನಂಬಬೇಡಿ. ಗೇರ್‌ಬಾಕ್ಸ್ ತಯಾರಿಸುವ ಜರ್ಮನಿಯ ಜಡ್‌ಎಫ್ ಕಂಪನಿಯೇ 80,000ದಿಂದ 1,20,000 ಕಿ.ಮೀ. ನಡುವೆ, ಅಥವಾ ಹೆಚ್ಚೆಂದರೆ ಎಂಟು ವರ್ಷಕ್ಕೆ ಎಣ್ಣೆ ಬದಲಿಸಿ ಎನ್ನುತ್ತದೆ. ಬೆಂಗಳೂರಿನ ಟ್ರಾಫಿಕ್ಕು, ಬೇಸಿಗೆಯ ಕಲಬುರಗಿ, ವಾರ ವಾರ ಘಾಟಿ, ಇವೆಲ್ಲ ಕೈಪಿಡಿಗಳಲ್ಲಿ ಕಠಿಣ ಬಳಕೆ ಎಂಬ ಸಾಲಿನಲ್ಲಿ ಬರುತ್ತವೆ. ನನ್ನ ಮಟ್ಟಿಗೆ 50,000, 60,000 ಕಿ.ಮೀ.ಗೆ ಬದಲಿಸುವುದು ಸರಿ, ಕೈಪಿಡಿ ಅದಕ್ಕೂ ಮೊದಲೇ ಹೇಳಿದ್ದರೆ ಅದರಂತೆ. ಎಣ್ಣೆ 80ರಿಂದ 95 ಡಿಗ್ರಿಯಲ್ಲಿ ಚೆನ್ನಾಗಿ ಬಾಳುತ್ತದೆ. 120 ದಾಟಿದರೆ ಒಡೆದು ಜಿಡ್ಡಾಗಿ ವಾಲ್ವುಗಳಿಗೆ ಅಂಟುತ್ತದೆ, 150ರ ಹತ್ತಿರ ರಬ್ಬರ್ ಸೀಲುಗಳು ಗಟ್ಟಿಯಾಗುತ್ತವೆ.

ಕೆಳಗಿನ ಬೋಲ್ಟ್ ಬಿಚ್ಚಿ ಎಣ್ಣೆ ಇಳಿಸಿದರೆ ಕನ್ವರ್ಟರ್ ಇರುವ ಗೇರ್‌ಬಾಕ್ಸಿನಲ್ಲಿ ಅರ್ಧದಷ್ಟೂ ಬರುವುದಿಲ್ಲ. ಉಳಿದದ್ದು ಕನ್ವರ್ಟರಿನಲ್ಲಿ, ಕೂಲರಿನಲ್ಲಿ, ಪೈಪಿನಲ್ಲಿ ಇರುತ್ತದೆ. ಒಂದು ಸಲಕ್ಕೆ ಶೇ. 45 ಬದಲಾಯಿತು ಎಂದರೆ ಹಳೆಯದು ಶೇ. 55 ಉಳಿಯಿತು. ಕೆಲವು ನೂರು ಕಿ.ಮೀ. ಓಡಿಸಿ ಇನ್ನೊಮ್ಮೆ ಮಾಡಿದರೆ ಶೇ. 30, ಮೂರನೆಯ ಸಲಕ್ಕೆ ಶೇ. 17. ಮೆಷಿನ್ ಹಾಕಿ ಒತ್ತಡದಿಂದ ತೊಳೆಯುವುದಕ್ಕಿಂತ ಇದು ಸುರಕ್ಷಿತ, ವಿಶೇಷವಾಗಿ ಹಿಂದೆಂದೂ ಬದಲಿಸದ ಹಳೆಯ ಗಾಡಿಗೆ. ಹೊಸ ಎಣ್ಣೆ ಹಾಕಿದ ಮೇಲೆ ಗೇರ್‌ಬಾಕ್ಸ್ ಕೆಟ್ಟಿತು ಎಂಬ ದೂರು ಗ್ಯಾರೇಜುಗಳಲ್ಲಿ ಕೇಳಿಬರುತ್ತದೆ. ಆ ಗೇರ್‌ಬಾಕ್ಸುಗಳಲ್ಲಿ ಲೈನಿಂಗ್ ಮೊದಲೇ ಮುಗಿದಿರುತ್ತದೆ, ಎಣ್ಣೆಯಲ್ಲಿ ತೇಲುವ ಅದರ ಪುಡಿಯೇ ಅಷ್ಟಿಷ್ಟು ಹಿಡಿತ ಕೊಡುತ್ತಿರುತ್ತದೆ. ಎಣ್ಣೆ ಇಳಿಸಿದಾಗ ಬೋಲ್ಟಿನ ಅಯಸ್ಕಾಂತವನ್ನು ನೋಡಿ: ಬೂದು ಬಣ್ಣದ ನುಣ್ಣನೆಯ ಪೇಸ್ಟ್ ಸಹಜ, ಉಗುರಿಗೆ ತಾಕುವ ಚೂರು ಸಹಜವಲ್ಲ. ಮಟ್ಟ ನೋಡುವುದೂ ಸೂಕ್ಷ್ಮ. ಡಿಪ್‌ಸ್ಟಿಕ್ ಇಲ್ಲದ ಗಾಡಿಗಳಲ್ಲಿ ಎಂಜಿನ್ ಓಡುತ್ತಿರುವಾಗ, ಗಾಡಿ ಸಮತಟ್ಟಾಗಿರುವಾಗ, ಎಣ್ಣೆ ಹೇಳಿದ ಶಾಖಕ್ಕೆ ಬಂದಾಗ ಓವರ್‌ಫ್ಲೋ ಪ್ಲಗ್ ತೆಗೆದು ನೋಡಬೇಕು. ಜಪಾನಿನ ಐಸಿನ್ ಕಂಪನಿಯ ಅನೇಕ ಗೇರ್‌ಬಾಕ್ಸುಗಳಿಗೆ ಅದು 40 ಡಿಗ್ರಿ ಆಸುಪಾಸು. ಸ್ಕ್ಯಾನರಿನಲ್ಲಿ ಶಾಖ ನೋಡದೆ ಅಂದಾಜಿಗೆ ತುಂಬುವ ಮೆಕ್ಯಾನಿಕ್ಕಿಗೆ ಈ ಕೆಲಸ ಕೊಡಬೇಡಿ. ಕಡಿಮೆಯಾದರೆ ಪಂಪು ಗಾಳಿ ಎಳೆಯುತ್ತದೆ, ಹೆಚ್ಚಾದರೆ ತಿರುಗುವ ಭಾಗಗಳು ಎಣ್ಣೆಯನ್ನು ಕಡೆದು ನೊರೆ ಎಬ್ಬಿಸುತ್ತವೆ. ಎರಡರಲ್ಲೂ ಒತ್ತಡ ಬೀಳುತ್ತದೆ, ಕ್ಲಚ್ ಜಾರುತ್ತದೆ. ಎಎಂಟಿಯವರು ಗೇರ್ ಎಣ್ಣೆಯ ಜೊತೆಗೆ, ಹೈಡ್ರಾಲಿಕ್ ಆಕ್ಚುಯೇಟರ್ ಇದ್ದರೆ ಅದರ ಎಣ್ಣೆಯ ಮಟ್ಟವನ್ನೂ ನೋಡಿಸಬೇಕು. ಕ್ಲಚ್ ಪ್ಲೇಟ್ ಬದಲಿಸಿದರೆ ಅದು ಎಲ್ಲಿ ಕಚ್ಚುತ್ತದೆ ಎಂಬುದನ್ನು ಕಂಪ್ಯೂಟರಿಗೆ ಸ್ಕ್ಯಾನರಿನಿಂದ ಮತ್ತೆ ಕಲಿಸಬೇಕು, ಆ ಹೆಜ್ಜೆ ಬಿಟ್ಟರೆ ಹೊಸ ಪ್ಲೇಟೂ ಬೇಗ ಹೋಗುತ್ತದೆ.

ನೀರು ಸೇರುವುದು ಇನ್ನೊಂದು. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆ, ಬೆಳ್ಳಂದೂರು ಸುತ್ತಮುತ್ತ ಬೇಸ್‌ಮೆಂಟುಗಳಿಗೆ ನೀರು ನುಗ್ಗಿದಾಗ ಎಲ್ಲರೂ ಎಂಜಿನಿನ ಬಗ್ಗೆಯೇ ಯೋಚಿಸಿದರು. ಗೇರ್‌ಬಾಕ್ಸಿನ ಮೇಲೆ ಗಾಳಿಯಾಡಲು ಒಂದು ಸಣ್ಣ ಕಿಂಡಿ ಇರುತ್ತದೆ. ಬಿಸಿ ಗೇರ್‌ಬಾಕ್ಸ್ ತಣ್ಣೀರಲ್ಲಿ ಮುಳುಗಿದರೆ ಅದೇ ಕಿಂಡಿಯಿಂದ ನೀರು ಒಳಕ್ಕೆ ಎಳೆದುಕೊಳ್ಳುತ್ತದೆ. ಲೈನಿಂಗಿನ ಕಾಗದ ನೀರು ಹೀರುತ್ತದೆ, ಅಂಟು ಬಿಡುತ್ತದೆ. ಇಳಿಸಿದ ಎಣ್ಣೆ ಗುಲಾಬಿ ಬಣ್ಣದ ಮಜ್ಜಿಗೆಯಂತಿದ್ದರೆ ನೀರು ಸೇರಿದೆ ಎಂದು ಖಚಿತ; ರೇಡಿಯೇಟರಿನೊಳಗಿನ ಕೂಲರ್ ತೂತಾಗಿ ಕೂಲಂಟ್ ಬೆರೆತಾಗಲೂ ಹೀಗೇ ಕಾಣುತ್ತದೆ. ಅಂಥ ಗಾಡಿಯನ್ನು ಸ್ಟಾರ್ಟ್ ಮಾಡದೆ ಸಾಗಿಸಬೇಕು.

ಸಾಗಿಸುವುದಾದರೂ ಹೇಗೆ ಎಂಬುದನ್ನು ಗೊತ್ತುಮಾಡಿಕೊಂಡಿರಿ. ಎಂಜಿನ್ ನಿಂತಿದ್ದರೆ ಎಣ್ಣೆಯ ಪಂಪೂ ನಿಂತಿರುತ್ತದೆ. ಎಂಜಿನಿನಿಂದ ಶಕ್ತಿ ಪಡೆಯುವ ಚಕ್ರಗಳು ನೆಲದ ಮೇಲೆ ಉರುಳಿದರೆ ಗೇರ್‌ಬಾಕ್ಸಿನ ಬೇರಿಂಗುಗಳು, ಪುಲ್ಲಿಗಳು ಎಣ್ಣೆಯಿಲ್ಲದೆ ಒಣಗಿ ತಿರುಗುತ್ತವೆ, ಎನ್‌ನಲ್ಲಿದ್ದರೂ ಸರಿ. ಹಗ್ಗ ಕಟ್ಟಿ ಎಳೆಸಬೇಡಿ. ಮುಂಚಕ್ರಕ್ಕೆ ಶಕ್ತಿ ಬರುವ ಕಾರಾದರೆ ಮುಂಭಾಗವನ್ನು ಎತ್ತಿಸಿ ಎಳೆಸಬಹುದು, ಹಿಂಚಕ್ರದ ಹ್ಯಾಂಡ್‌ಬ್ರೇಕ್ ಬಿಟ್ಟಿರಬೇಕು. ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ಗಾಡಿಗೆ ಫ್ಲ್ಯಾಟ್‌ಬೆಡ್ ಲಾರಿಯೇ ಬೇಕು. ಇನ್ಶೂರೆನ್ಸ್ ಕಂಪನಿಗೆ ಫೋನ್ ಮಾಡುವಾಗಲೇ ಗಾಡಿ ಆಟೋಮ್ಯಾಟಿಕ್ ಎಂದು ಹೇಳಿ, ಫ್ಲ್ಯಾಟ್‌ಬೆಡ್ಡನ್ನೇ ಕಳಿಸಲು ಕೇಳಿ.